ದ್ಯಾಮಪ್ಪನ ಕಾಟಾದ ಮೇಲೆ ಅಪ್ಪ

"ಇನ್ನು ಹತ್ತೇ ಹತ್ತು! ನಿಲ್ಲಿಸಬೇಡಿ! ಪುಶ್, ಪುಶ್, ಪುಶ್!"

ಮೊಬೈಲಿನೊಳಗಿನ ಹುಡುಗ ಅಷ್ಟು ಚೀರಿದರೂ ಅಂದಾನಪ್ಪ ಅಲುಗಾಡಲಿಲ್ಲ. ಪಡಸಾಲೆಯ ಜಮಖಾನೆಯ ಮೇಲೆ ಬೋರಲು ಬಿದ್ದುಕೊಂಡಿದ್ದ. ಒಂದು ಕೆನ್ನೆ ನೆಲಕ್ಕೆ ಒತ್ತಿತ್ತು. ಬೆವರಿಗೆ ತೊಯ್ದ ಬನಿಯನ್ ಬೆನ್ನಿಗೆ ಅಂಟಿಕೊಂಡಿತ್ತು.

"ಅಪ್ಪಾ, ಎರಡ ಆಗ್ಯಾವ," ಎಂದಳು ಮಹೇಶ್ವರಿ. ಅವಳು ಐದನೇ ತರಗತಿಯ ಹುಡುಗಿ. ತೊಡೆಯ ಮೇಲೆ ಗಣಿತದ ನೋಟ್‌ಬುಕ್ ಇಟ್ಟುಕೊಂಡು, ಅದರ ಕೊನೆಯ ಹಾಳೆಯಲ್ಲಿ ಅಪ್ಪನ ಲೆಕ್ಕ ಬರೆಯುತ್ತಿದ್ದಳು.

"ಎರಡಲ್ಲ, ಮೂರು," ಎಂದು ನೆಲದಿಂದ ಸ್ವರ ಬಂತು.

"ಮೂರನೇದಕ್ಕ ನೀ ಕೆಳಗ ಹೋದಿ. ಮ್ಯಾಲ ಬರಲೇ ಇಲ್ಲ."

"ಅರ್ಧ ಹಾಕ್ಕೋ."

"ಅರ್ಧ ಹಾಕಂಗಿಲ್ಲ."

ಕಂಬಕ್ಕೆ ಒರಗಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿ ಸಿದ್ದವ್ವ ತಲೆ ಎತ್ತಿದಳು. "ನಾನೂ ಎಣಿಸೇನಿ. ಲಾಭ, ಎರಡು. ಅಷ್ಟ."

ಅಜ್ಜಿ ಯಾವತ್ತೂ 'ಒಂದು' ಎನ್ನುವುದಿಲ್ಲ. ಕಣದಲ್ಲಿ ಭತ್ತ ಅಳೆಯುವಾಗ ಮೊದಲ ಅಳತೆಗೆ 'ಲಾಭ' ಎನ್ನುವುದು ರೂಢಿ. ಆ ರೂಢಿ ಅವಳ ನಾಲಗೆಯಲ್ಲೇ ಕುಳಿತುಬಿಟ್ಟಿದೆ. ರೊಟ್ಟಿ ಎಣಿಸಿದರೂ ಲಾಭ, ಕೋಳಿಮರಿ ಎಣಿಸಿದರೂ ಲಾಭ, ಸಿರಸಿಯ ಬಸ್ಸು ಎಣಿಸಿದರೂ ಲಾಭ.

ಅಷ್ಟರಲ್ಲಿ ಮಜ್ಜಿಗೆ ಕೇಳಲು ಚೊಂಬು ಹಿಡಿದು ಬಂದ ಪಕ್ಕದ ಮನೆಯ ಕಲ್ಲವ್ವ ಹೊಸ್ತಿಲಲ್ಲೇ ನಿಂತಳು. ಬೋರಲು ಬಿದ್ದ ಅಂದಾನಪ್ಪನನ್ನು ನೋಡಿದಳು. "ಅಯ್ಯಯ್ಯೋ, ನಮ್ಮ ಅಂದಾನಪ್ಪಗ ಏನಾತೋ!" ಎಂದು ಕೂಗಿದವಳೇ ಬಾಗಿಲ ಬಳಿಯ ಕೊಡದಿಂದ ಚೊಂಬು ತುಂಬಿ, ನೀರನ್ನು ಅವನ ತಲೆಯ ಮೇಲೆ ಸುರಿದಳು.

ಅಪ್ಪ ಎದ್ದ ರಭಸಕ್ಕೆ ಮೊಬೈಲ್ ಮಗುಚಿ ಬಿತ್ತು. "ಸೂಪರ್! ಹೀಗೇ ಎದ್ದೇಳಿ!" ಎಂದ ಒಳಗಿನ ಹುಡುಗ.

"ಏನೂ ಆಗಿಲ್ಲಬೇ ಕಲ್ಲವ್ವಾ! ಹೋಮ್ ವರ್ಕೌಟ್ ಮಾಡಾಕತ್ತೀನಿ!"

"ಅಂದ್ರ?"

"ಮನ್ಯಾಗ ಕಸರತ್ತು. ಕೊಬ್ಬು ಕರಗತೈತಿ, ಮಸಲ್ ಟೋನ್ ಆಗತೈತಿ," ಎಂದು ಮಹೇಶ್ವರಿ ವಿಡಿಯೋದ ಮಾತನ್ನೇ ಒಪ್ಪಿಸಿದಳು.

"ಟೋನ್ ಅಂದ್ರ?"

"ಮೆತ್ತಗ ಇದ್ದದ್ದು ಗಟ್ಟಿ ಆಗೋದು."

ಕಲ್ಲವ್ವ ಅಪ್ಪನ ಹೊಟ್ಟೆಯನ್ನು ಒಮ್ಮೆ ನೋಡಿದಳು. "ಹಪ್ಪಳದ ಹಿಟ್ಟು ಕುಟ್ಟಿದಂಗ ಅನ್ನು. ಒನಕಿ ಬೇಕಾದ್ರ ನಮ್ಮನ್ಯಾಗ ಐತಿ," ಎಂದು ಮಜ್ಜಿಗೆ ಇಸಿದುಕೊಂಡು ಹೋದಳು. ಸಂಜೆಯೊಳಗೆ ಈ ಸುದ್ದಿ ಓಣಿಯ ಕೊನೆಯ ಮನೆಗೂ ಮುಟ್ಟಿತು. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಆರು ಜನ ಬಂದು ಕುಳಿತಿದ್ದರು, ಬರೀ ನೋಡಲಿಕ್ಕೆ.

ಇದೆಲ್ಲ ಶುರುವಾದದ್ದು ಗಣೇಶ ಹಬ್ಬದ ಮರುವಾರ, ಸಿರಸಿಯ ಡಾಕ್ಟರಮ್ಮನಿಂದ. ಅಪ್ಪನಿಗೆ ಪದೇ ಪದೇ ಬಾಯಿ ಒಣಗುತ್ತಿತ್ತು. ರಕ್ತ ಪರೀಕ್ಷೆಯ ಚೀಟಿ ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಶುಗರ್ ಶುರುವಾಗಿದೆ. ತೂಕ ತೊಂಬತ್ತೆರಡು. ಮೂರು ತಿಂಗಳಲ್ಲಿ ಆರು ಕೆಜಿ ಇಳಿಸಿ, ನೋಡೋಣ. ಜಿಮ್ಮು ಗಿಮ್ಮು ಬೇಡ, ಮನೆಯಲ್ಲೇ ದಿನಾ ಅರ್ಧ ಗಂಟೆ ಸಾಕು. ಮತ್ತೆ, ಪಾದ ದಿನಾ ನೋಡಿಕೊಳ್ಳಿ. ಅಡಿಯಲ್ಲಿ ಗಾಯ ಆದರೂ ಗೊತ್ತಾಗೋದಿಲ್ಲ."

"ಹೊಟ್ಟಿ ಅಡ್ಡ ಬರತೈತ್ರಿ ಮೇಡಂ. ಪಾದ ನೋಡಿ ಎರಡು ವರ್ಷ ಆತು," ಎಂದು ಅಪ್ಪ ನಕ್ಕಿದ್ದ. ಡಾಕ್ಟರಮ್ಮ ನಗಲಿಲ್ಲ.

ಪಕ್ಕದಲ್ಲೇ ಸ್ಟೂಲಿನ ಮೇಲಿದ್ದ ಮಹೇಶ್ವರಿಯೂ ನಗಲಿಲ್ಲ. ಅವಳಿಗೆ ಅಜ್ಜನ ಎಡಗಾಲು ನೆನಪಾಗಿತ್ತು. ಅದರಲ್ಲಿ ನಾಲ್ಕೇ ಬೆರಳು. "ಹೆಬ್ಬೆರಳು ಎಲ್ಲಿ ಹೋತು ಅಜ್ಜಾ?" ಎಂದು ಚಿಕ್ಕವಳಿದ್ದಾಗ ಕೇಳಿದ್ದಳು. "ಕೋಳಿ ತಿಂತು," ಎಂದಿದ್ದ ಅಜ್ಜ. ಎಷ್ಟೋ ದಿನ ಅವಳು ಅದನ್ನೇ ನಂಬಿ, ಕೋಳಿ ಕಂಡರೆ ಕಾಲು ಮಡಚಿ ಕುಳಿತುಕೊಳ್ಳುತ್ತಿದ್ದಳು. ಅದನ್ನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೆಗೆದದ್ದು, ಶುಗರ್ ಇತ್ತು ಎಂಬ ಕಾರಣಕ್ಕೆ ತೆಗೆದದ್ದು ಅಂತ ಗೊತ್ತಾದದ್ದು ಅಜ್ಜ ತೀರಿಕೊಂಡ ಮೇಲೆ.

ಡಾಕ್ಟರಮ್ಮನ ಮಾತು ಕೇಳಿದಂದಿನಿಂದ ಮಹೇಶ್ವರಿ ಒಂದು ಕೆಲಸ ಹಚ್ಚಿಕೊಂಡಿದ್ದಳು. ಭಾನುವಾರ ಊಟವಾಗಿ ಅಪ್ಪ ಪಡಸಾಲೆಯಲ್ಲಿ ಮಲಗಿದಾಗ, ಸದ್ದಿಲ್ಲದೆ ಹೋಗಿ ಅವನ ಕಾಲ್ಬೆರಳು ಎಣಿಸುತ್ತಿದ್ದಳು. ಪಾದದ ಅಡಿಯನ್ನೂ ಬಗ್ಗಿ ನೋಡುತ್ತಿದ್ದಳು. ಅಪ್ಪನಿಗಂತೂ ಎಲ್ಲವೂ ತಮಾಷೆ. ಯಾರಾದರೂ ನೋಡಬೇಕಲ್ಲ?

ಕಸರತ್ತು ಹೇಗೋ ಸಾಗಿತು. ವಿಡಿಯೋದಲ್ಲಿ ಡಂಬಲ್ಸ್ ಎತ್ತಿ ಎಂದಾಗ ಅಪ್ಪ ಹೊಲದಿಂದ ಎರಡು ಅನಾನಸು ತಂದು, ಜುಟ್ಟು ಹಿಡಿದು ಎತ್ತತೊಡಗಿದ. ನಾಲ್ಕನೇ ದಿನ ಒಂದರ ಜುಟ್ಟು ಕಿತ್ತು ಬಂದು ಹಣ್ಣು ಅಜ್ಜಿಯ ಮೊರದೊಳಗೆ ಬಿತ್ತು. ಅವತ್ತು ಮನೆಮಂದಿಯೆಲ್ಲ ಸೇರಿ ಡಂಬಲ್ಸ್ ತಿಂದರು. ಅಪ್ಪನಿಗೆ ಮಾತ್ರ ಅವ್ವ ಎರಡೇ ಹೋಳು ಕೊಟ್ಟಳು.

ಎಲ್ಲಕ್ಕಿಂತ ಮಹೇಶ್ವರಿಗೆ ಸೇರುತ್ತಿದ್ದದ್ದು ಸಿಟಪ್ಸ್. ಅಪ್ಪ ಅಂಗಾತ ಮಲಗಿ ಏಳುವಾಗ ಕಾಲು ಮೇಲೆ ಹಾರದ ಹಾಗೆ ಅವಳು ಪಾದಗಳ ಮೇಲೆ ಕುಳಿತುಕೊಳ್ಳಬೇಕು. ಅಲ್ಲಿ ಬೆರಳುಗಳು ಕಣ್ಣೆದುರೇ ಇರುತ್ತಿದ್ದವು.

ಇನ್ನು ಉಳಿದದ್ದು ತೂಕ. "ವಾರಕ್ಕೊಮ್ಮಿ ನೋಡಬೇಕಂತ. ಅಂಗನವಾಡಿ ಗೌರಕ್ಕನ ಹಂತ್ಯಾಕ ಮಷೀನ್ ಐತಿ," ಎಂದಳು ಮಹೇಶ್ವರಿ.

"ಬಸರಿ ಹೆಣ್ಮಕ್ಕಳ ಸಾಲಿನಾಗ ನಾ ನಿಂದ್ರಲೇನ? ದ್ಯಾಮಪ್ಪನ ಕಾಟಾ ಇಲ್ಲೇನು? ನಮ್ಮ ಮಾಲೆಲ್ಲ ಅಲ್ಲೇ ತೂಗಂಗಿಲ್ಲೇನು? ನನ್ನೂ ತೂಗತಾನ."

ದ್ಯಾಮಪ್ಪ ಅಪ್ಪನ ಗೆಳೆಯ. ಬನವಾಸಿ ರಸ್ತೆಯಲ್ಲಿ ಅವನದು ಭತ್ತ, ಗೋವಿನಜೋಳ ಕೊಳ್ಳುವ ಅಂಗಡಿ. ಅಂಗಡಿಯ ಮುಂದೆ ಚೀಲ ತೂಗುವ ದೊಡ್ಡ ಕಬ್ಬಿಣದ ಕಾಟಾ. ಅದರ ಕೆಂಪು ಅಂಕಿಗಳ ಪೆಟ್ಟಿಗೆ ದ್ಯಾಮಪ್ಪನ ಕುರ್ಚಿಯ ಕಡೆಗೇ ತಿರುಗಿರುತ್ತದೆ. ಅವನು ನೋಡಿ ಕೂಗುತ್ತಾನೆ, ಉಳಿದವರು ಕೇಳುತ್ತಾರೆ.

ಮೊದಲ ಭಾನುವಾರ ಕಸರತ್ತು ಮುಗಿಸಿ ಬೆವರುತ್ತಲೇ ಇಬ್ಬರೂ ಹೋದರು. ಅಪ್ಪ ಚಪ್ಪಲಿ ಬಿಟ್ಟು ಕಾಟಾ ಹತ್ತಿದ.

"ತೊಂಬತ್ತೊಂದು!" ಎಂದು ದ್ಯಾಮಪ್ಪ ಕೂಗಿದ. ಮಹೇಶ್ವರಿ ಬರೆದುಕೊಂಡಳು.

ಎರಡನೇ ಭಾನುವಾರ ಅಪ್ಪ ಇನ್ನೂ ಹೆಚ್ಚು ಬೆವರಿದ್ದ. "ತೊಂಬತ್ತು!"

ಮೂರನೇ ಭಾನುವಾರ ಜಂಪಿಂಗ್ ಜ್ಯಾಕ್ ಕುಣಿದು ಅಂಗಿ ಹಿಂಡುವ ಹಾಗೆ ಆಗಿತ್ತು. "ಎಂಬತ್ತೆಂಟು!"

"ಎರಡು ಕೆಜಿ! ಒಂದ ವಾರದಾಗ!" ಮಹೇಶ್ವರಿ ಕುಣಿದುಬಿಟ್ಟಳು. ಅಪ್ಪ ಮೀಸೆ ತಿರುವಿಕೊಂಡ. ಬರುವ ದಾರಿಯಲ್ಲಿ ಗಿರ್ಮಿಟ್ಟಿನ ಅಂಗಡಿ ಸಿಕ್ಕಿತು. ಅಲ್ಲಿ ಬಿಸಿ ಎಣ್ಣೆಯಿಂದ ಮಿರ್ಚಿ ಬಜ್ಜಿ ಏಳುತ್ತಿದ್ದವು.

"ಎರಡು ಕೆಜಿ ಇಳದೇವಿ. ಎರಡು ಮಿರ್ಚಿ ತಿಂದ್ರ ಏನಾಗತೈತಿ?" ಎಂದ ಅಪ್ಪ. ತಿಂದದ್ದು ಐದು.

ಆ ವಾರ ಕಸರತ್ತು ಸೊರಗಿತು. ಸೋಮವಾರ ಮೈಕೈ ನೋವು. ಬುಧವಾರ ನೆಂಟರ ಮನೆ. ಶುಕ್ರವಾರ ಅಪ್ಪ ವಿಡಿಯೋ ಹಚ್ಚಿ, ಕುರ್ಚಿಯ ಮೇಲೆ ಕುಳಿತು ನೋಡಿದ. "ಇಷ್ಟ ಇಳಿಯಾಕತ್ತೈತಿ, ಅವಸರ ಯಾಕ?" ಎಂದ. ಮಹೇಶ್ವರಿಗೂ ಹೌದೆನಿಸಿತು.

ಆ ಹೊತ್ತಿಗೇ ಮನೆಯಲ್ಲಿ ಇನ್ನೊಂದು ಗದ್ದಲ. ಅವ್ವ ಪರಿಮಳಾ ಹಣೆಗೆ ಕುಂಕುಮ ಇಟ್ಟುಕೊಳ್ಳುವ ಸಣ್ಣ ಕೈಗನ್ನಡಿ ಕಾಣೆಯಾಗಿ ಆಗಲೇ ಎರಡು ವಾರವಾಗಿತ್ತು. "ಕನ್ನಡಿ ಎಲ್ಲಿಟ್ಟೀ ಮಹೇಶೀ? ಆಟಕ್ಕ ತಗೊಂಡು ಹೋಗಿದ್ದೇನ?" ಎಂದು ದಿನಾ ಕೇಳುತ್ತಿದ್ದಳು. "ನಾ ತಗೊಂಡಿಲ್ಲಬೇ!" ಎಂದರೆ ಯಾರೂ ನಂಬಲಿಲ್ಲ.

ನಾಲ್ಕನೇ ಭಾನುವಾರ ಬೆಳಿಗ್ಗೆ ಅಪ್ಪ ಹೇಗೋ ಕಾಲು ಗಂಟೆ ಹಾರಾಡಿ ಅಂಗಿ ತೋಯಿಸಿಕೊಂಡ. ಕಾಟಾದ ಹತ್ತಿರ ಗೋವಿನಜೋಳದ ಚೀಲ ತಂದ ರೈತರು ನಿಂತಿದ್ದರು. ಮಹೇಶ್ವರಿಯ ಪೆನ್ಸಿಲ್ ಜಾರಿ ಉರುಳುತ್ತ ದ್ಯಾಮಪ್ಪನ ಕುರ್ಚಿಯ ಕೆಳಗೆ ಹೋಯಿತು. ಅದನ್ನು ಎತ್ತಿಕೊಳ್ಳಲು ಅವಳು ಆ ಕಡೆ ಹೋಗಿ ಬಗ್ಗಿದಳು. ಎದ್ದಾಗ ಕೆಂಪು ಅಂಕಿ ಕಣ್ಣಿಗೆ ಬಿತ್ತು. ಕಾಟಾದ ಮೇಲೆ ಒಬ್ಬ ಮುದುಕನ ಚೀಲ ಇತ್ತು. ಪೆಟ್ಟಿಗೆಯಲ್ಲಿ 51.6 ಎಂದಿತ್ತು.

ದ್ಯಾಮಪ್ಪ ಚೀಲದೊಳಗೆ ಕೈ ಹಾಕಿ ಕಾಳು ಹಿಸುಕಿದ. "ನಲವತ್ತೊಂಬತ್ತು!" ಎಂದು ಕೂಗಿದ.

ಮಹೇಶ್ವರಿ ಕಣ್ಣುಜ್ಜಿಕೊಂಡಳು. ಅಷ್ಟರಲ್ಲಿ ಅಪ್ಪ ಕಾಟಾ ಹತ್ತಿದ. ಅಂಕಿಗಳು ಗಿರಗಿರನೆ ಓಡಿ 92.3ಕ್ಕೆ ನಿಂತವು. ದ್ಯಾಮಪ್ಪ ಅಂಕಿ ನೋಡಿದ. ಆಮೇಲೆ ಕೈ ಚಾಚಿ ಅಪ್ಪನ ಒದ್ದೆ ಅಂಗಿಯ ತೋಳನ್ನು ಕಾಳು ಹಿಸುಕಿದ ಹಾಗೆಯೇ ಎರಡು ಬೆರಳಲ್ಲಿ ಹಿಸುಕಿದ.

"ಎಂಬತ್ತೇಳೂವರಿ!"

"ಸುಳ್ಳು!" ಎಂದಳು ಮಹೇಶ್ವರಿ. "ಕಾಕಾ, ಇಲ್ಲಿ ತೊಂಬತ್ತೆರಡು ಪಾಯಿಂಟ್ ಮೂರು ಐತಿ!"

ದ್ಯಾಮಪ್ಪ ತಿರುಗಿ ನೋಡಿ ನಾಲಗೆ ಕಚ್ಚಿಕೊಂಡ. "ಅದು ಸೂಟು, ತಂಗಿ. ಚೀಲದ ಭಾರ, ಧೂಳು, ಹಸಿ ಅಂತ ಒಂದಿಷ್ಟು ಕಳದ ಕೂಗತೀವಿ. ಮೂವತ್ತು ವರ್ಷದ ರೂಢಿ. ಮಾಲು ಹಸಿ ಕಂಡ್ರ ನಾಲಗಿ ತಾನ ಕಳೀತೈತಿ. ನಿಮ್ಮಪ್ಪ ವಾರ ವಾರ ಹೆಚ್ಚು ಹಸಿ ಬರಾಕತ್ತಿದ್ದ..."

"ನಮ್ಮಪ್ಪ ಗೋವಿನಜೋಳ ಅಲ್ಲ!"

ನಿಂತಿದ್ದವರೆಲ್ಲ ಘೊಳ್ಳೆಂದು ನಕ್ಕರು. ಚೀಲದ ಮುದುಕ ಮಾತ್ರ ನಗಲಿಲ್ಲ. "ತಂಗೀ, ನನ್ನ ಚೀಲ ಎಷ್ಟ ಇತ್ತವಾ?" ಎಂದು ಕೇಳಿದ.

"ಐವತ್ತೊಂದು ಪಾಯಿಂಟ್ ಆರು, ಅಜ್ಜಾ."

"ಇನ್ನೊಮ್ಮಿ ತೂಗೋ ದ್ಯಾಮಪ್ಪಾ. ಈ ಹುಡುಗಿ ಅಲ್ಲೇ ನಿಂದ್ರಲಿ."

"ಹೌದ್ ಹೌದು, ಅಲ್ಲೇ ನಿಂದ್ರಲಿ!" ಎಂದರು ಉಳಿದವರು. ದ್ಯಾಮಪ್ಪನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ಅಪ್ಪ ಮೆಲ್ಲಗೆ ಕಾಟಾ ಇಳಿದು, ಚಪ್ಪಲಿ ಮೆಟ್ಟಿ, ಮಗಳ ಕೈ ಹಿಡಿದು ಹೊರಟ.

ಅರ್ಧ ದಾರಿ ಬಂದಿದ್ದರು. ಮಹೇಶ್ವರಿಗೆ ಏನೋ ಚುಚ್ಚುತ್ತಿತ್ತು. ಅಪ್ಪ ಯಾಕೆ ಸಿಟ್ಟಾಗಲಿಲ್ಲ? ಬಸ್ಸಿನಲ್ಲಿ ಎರಡು ರೂಪಾಯಿ ಚಿಲ್ಲರೆ ಕೊಡದಿದ್ದರೂ ಜಗಳ ಆಡುವವನು.

"ಅಪ್ಪಾ, ನಿನಗ ಗೊತ್ತಿತ್ತೇನು?"

ಅಪ್ಪ ಮೋರಿಯ ಕಟ್ಟೆಯ ಮೇಲೆ ಕುಳಿತ. "ಇಪ್ಪತ್ತು ವರ್ಷದಿಂದ ಅವನ ಕಾಟಾಕ್ಕ ಮಾಲು ಹಾಕೇನಿ. ಸೂಟು ಗೊತ್ತಿಲ್ಲದ ಇರತೈತೇನು?"

"ಮತ್ಯಾಕ ಅಲ್ಲೇ ಹೋದಿ?"

"ಕಡಿಮಿ ಆತು ಅಂತ ಯಾರಾರ ಕೂಗಿದ್ರ ಕೇಳಾಕ ಚಲೋ ಅನಸ್ತಿತ್ತು."

ಮಹೇಶ್ವರಿಯ ಕಣ್ಣು ತುಂಬಿ ಬಂತು. ಅಳು ಅಂತ ಗೊತ್ತಾಗಬಾರದೆಂದು ಅವಳು ಜೋರಾಗಿ ಮಾತಾಡಿದಳು. "ನಾ ದಿನಾ ಬರದೇನಿ! ಎಲ್ಲಾ ಸುಳ್ಳ ಬರದೇನಿ! ಅಜ್ಜಾನೂ ಕೋಳಿ ತಿಂತು ಅಂತ ಸುಳ್ಳ ಹೇಳಿದ್ದ. ನೀನೂ ಹಂಗ! ತಗೋ, ನೀನ ಬರ್ಕೋ!"

ಗಣಿತದ ನೋಟ್‌ಬುಕ್ಕನ್ನು ಅಪ್ಪನ ತೊಡೆಯ ಮೇಲೆ ಒಗೆದು ಮನೆಯ ಕಡೆ ಓಡಿದಳು. ನೋಟ್‌ಬುಕ್ ಹಿಡಿದು ಅಪ್ಪ ಹಿಂದಿನಿಂದ ಮನೆಗೆ ಬಂದ. ಊಟಕ್ಕೆ ಒಂದೇ ರೊಟ್ಟಿ ಸಾಕೆಂದ. ಅವತ್ತು ಮಹೇಶ್ವರಿ ಬೆರಳು ಎಣಿಸಲು ಹೋಗಲಿಲ್ಲ.

ಸೋಮವಾರ ಶಾಲೆಯಲ್ಲಿ ಸಣ್ಣ ಬಿಡುವು. ಶಾಲೆಯ ಪಕ್ಕದಲ್ಲೇ ಅಂಗನವಾಡಿ. ಅದರ ಕಿಟಕಿಗೆ ಹುಡುಗರು ಜೇನಿನಂತೆ ಮುತ್ತಿದ್ದರು. "ಮಹೇಶೀ, ನಿಮ್ಮಪ್ಪ!" ಎಂದು ಯಾರೋ ಕೂಗಿದರು.

ಅವಳು ನುಗ್ಗಿ ನೋಡಿದಳು. ಒಳಗೆ ನಾಲ್ವರು ಬಸುರಿ ಹೆಂಗಸರ ಹಿಂದೆ, ಐದನೆಯವನಾಗಿ, ಅಪ್ಪ ನಿಂತಿದ್ದ. ಇಸ್ತ್ರಿ ಅಂಗಿ. ಒಂಚೂರೂ ಬೆವರಿಲ್ಲ. ಬಗಲಲ್ಲಿ ಗಣಿತದ ನೋಟ್‌ಬುಕ್.

ಗೌರಕ್ಕ ರಿಜಿಸ್ಟರ್‌ನಿಂದ ತಲೆ ಎತ್ತಿದಳು. "ಎಷ್ಟನೇ ತಿಂಗಳ್ರಿ, ಅಂದಾನಪ್ಪನವರ?"

"ಎರಡನೇದು ಈಗ ಹಿಡದೈತ್ರಿ," ಎಂದ ಅಪ್ಪ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಡಾಕ್ಟರಮ್ಮ ಮೂರು ತಿಂಗಳ ಕೊಟ್ಟಾರ."

"ಹತ್ರಿ, ಹತ್ರಿ," ಎಂದ ಗೌರಕ್ಕ ಮಷೀನಿನ ಅಂಕಿ ಓದಿದಳು. "ತೊಂಬತ್ತೆರಡು ಪಾಯಿಂಟ್ ಒಂದು. ಎಲ್ಲಿ ಬರೀಲಿ? ನನ್ನ ಹಂತ್ಯಾಕ ಬರೀ ತಾಯಿ ಕಾರ್ಡ್ ಅದಾವ."

ಅಪ್ಪ ಕಿಟಕಿಯ ಕಡೆ ತಿರುಗಿದ. ನೋಟ್‌ಬುಕ್ಕನ್ನು ಸರಳುಗಳ ನಡುವಿನಿಂದ ಹೊರಗೆ ಚಾಚಿದ. "ಬರ್ಕೊಳಾಕ ನಮ್ಮಾಕಿ ಅದಾಳ್ರಿ."

ಹುಡುಗರೆಲ್ಲ ನೋಡುತ್ತಿದ್ದರು. ಮಹೇಶ್ವರಿಗೆ ಕಿವಿ ಬಿಸಿಯಾಯಿತು. ಆದರೂ ನೋಟ್‌ಬುಕ್ ಇಸಿದುಕೊಂಡಳು. ಹಳೆಯ ಅಂಕಿಗಳ ಮೇಲೆ ಅಪ್ಪ ಆಗಲೇ ಅಡ್ಡಗೆರೆ ಎಳೆದಿದ್ದ. ಅವುಗಳ ಕೆಳಗೆ 92.1 ಎಂದು ದೊಡ್ಡದಾಗಿ ಬರೆದಳು.

ಆಮೇಲೆ ಮೂರು ವಾರ. ಮಿರ್ಚಿ ಇಲ್ಲ, ಕುರ್ಚಿ ಇಲ್ಲ. ಅಪ್ಪ ನರಳಿದ, ಬೈದ, ವಿಡಿಯೋದ ಹುಡುಗನ ಇಡೀ ಮನೆತನವನ್ನೇ ಜಾಲಾಡಿದ. ಆದರೆ ಬೆಳಿಗ್ಗೆ ಎದ್ದು ತಾನೇ ಜಮಖಾನೆ ಹಾಸಿದ. ಕಟ್ಟೆಯ ಮೇಲಿನ ಆರು ಜನ ನೋಡಿ ನೋಡಿ ಬೇಜಾರಾಗಿ ಎದ್ದು ಹೋದರು. ಮೂರನೇ ಸೋಮವಾರ ಗೌರಕ್ಕನ ಮಷೀನು 91.1 ತೋರಿಸಿತು.

"ಒಂದ ಕೆಜಿ," ಎಂದು ಮಹೇಶ್ವರಿ ಮನೆಗೆ ಬಂದು ಮುಖ ಸಣ್ಣದು ಮಾಡಿದಳು. "ಇನ್ನೂ ಐದು ಇಳೀಬೇಕು. ದ್ಯಾಮಪ್ಪ ಕಾಕಾ ಆಗಿದ್ರ ಎಂಬತ್ತಾರ ಅಂತಿದ್ದ."

ಅಜ್ಜಿ ಸೇರು ತೆಗೆದುಕೊಂಡು ಅಕ್ಕಿಯ ಡಬ್ಬಿಗೆ ಅದ್ದಿದಳು. ಕೈಯಿಂದ ಸವರಿ ಸಮ ಮಾಡಿ, "ಲಾಭ," ಎಂದು ಮೊಮ್ಮಗಳ ಮಡಿಲಿಗೆ ಸುರಿದಳು. "ನಿಮ್ಮಪ್ಪ ಇಳಿಸಿದ್ದು ಹೆಚ್ಚುಕಡಿಮಿ ಇಷ್ಟ. ಹಿಡಕೊಂಡು ನೋಡು."

ಲಂಗದ ಮಡಿಲು ಜಗ್ಗಿತು. ಮಹೇಶ್ವರಿ ಎರಡೂ ಕೈಯಲ್ಲಿ ಅದನ್ನು ಹಿಡಿದು ಪಡಸಾಲೆಯ ಈ ಕೊನೆಯಿಂದ ಆ ಕೊನೆಗೆ ನಡೆದಳು. ಇಷ್ಟು ಭಾರವನ್ನು ಅಪ್ಪ ದಿನಾ ಹೊತ್ತುಕೊಂಡು ತಿರುಗುತ್ತಿದ್ದ. ಈಗ ಅದು ಅವನ ಮೈಮೇಲೆ ಇಲ್ಲ. ಇನ್ನೊಂದು ಸುತ್ತು ನಡೆದಳು.

ಮುಂದಿನ ಭಾನುವಾರ ಮಧ್ಯಾಹ್ನ ಅಪ್ಪ ಮಲಗಿದ್ದ. ಎಷ್ಟೋ ದಿನದ ಮೇಲೆ ಮಹೇಶ್ವರಿ ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ ಅವನ ಕಾಲ ಬಳಿ ಕುಳಿತಳು. ಎಡಗಾಲು ಐದು. ಬಲಗಾಲು...

"ಹತ್ತೂ ಅದಾವೇನು?"

ಅವಳು ಬೆಚ್ಚಿಬಿದ್ದಳು. ಅಪ್ಪನ ಕಣ್ಣು ಮುಚ್ಚೇ ಇತ್ತು. ಮೀಸೆ ಮಾತ್ರ ಅಲುಗುತ್ತಿತ್ತು.

"ಅದಾವ," ಎಂದಳು ಮೆಲ್ಲಗೆ. "ಸೂಟು ಕಳೀಲಾರದ ಹತ್ತು."

ಅಪ್ಪ ಹೊಟ್ಟೆ ಕುಲುಕಿಸಿ ನಕ್ಕ. ಎದ್ದು ಕುಳಿತು ಮೈ ಮುರಿದ. "ನಿದ್ದಿ ಕೆಡಿಸಿದಿ. ಸಿಟಪ್ಸ್ ಆದ್ರೂ ಮಾಡೋಣ ಬಾ. ಹಾಸಿಗಿ ಮಡಚಿಡು," ಎಂದು ಜಮಖಾನೆ ಎಳೆದುಕೊಂಡು ಅಂಗಳದ ಕಡೆಯ ಗಾಳಿಗೆ ಹೋದ.

ಮಹೇಶ್ವರಿ ದಿಂಬು ಎತ್ತಿದಳು. ಅದರ ಕೆಳಗೆ ಅವ್ವನ ಕೈಗನ್ನಡಿ ಇತ್ತು.

ಅವಳಿಗೆ ಮೊದಲು ಏನೂ ಹೊಳೆಯಲಿಲ್ಲ. ಕನ್ನಡಿ ಕೈಗೆತ್ತಿಕೊಂಡಳು. ಗಾಜಿನ ಅಂಚಿಗೆ ಒಣಗಿದ ಮಣ್ಣು ಹತ್ತಿತ್ತು. ಅಲ್ಲೇ ಕುಳಿತು, ಒಂದು ಕಾಲು ಎತ್ತಿ, ಕನ್ನಡಿಯನ್ನು ಪಾದದ ಅಡಿಗೆ ಹಿಡಿದಳು. ಹಿಮ್ಮಡಿ, ಬೆರಳುಗಳ ಸಂದಿ, ಅಂಗಳದ ಕೆಂಪು ಧೂಳು, ಎಲ್ಲವೂ ಕಂಡಿತು. ಬಗ್ಗಲೇಬೇಕಿರಲಿಲ್ಲ. ಹೊಟ್ಟೆ ಅಡ್ಡ ಬಂದರೂ ಕಾಣುತ್ತಿತ್ತು.

ಕನ್ನಡಿ ಕಾಣೆಯಾಗಿ ಎಷ್ಟು ದಿನವಾಯಿತು? ಮಿರ್ಚಿಯ ವಾರಕ್ಕಿಂತ ಮೊದಲೇ. ಮೋರಿಯ ಜಗಳಕ್ಕಿಂತ ಎಷ್ಟೋ ಮೊದಲೇ.

"ಮಹೇಶೀ, ಹಾಸಿಗಿ ಮಡಚಾಗ ನನ್ನ ಕನ್ನಡಿ ಕಂಡ್ರ ನೋಡು!" ಎಂದು ಅಡುಗೆ ಮನೆಯಿಂದ ಅವ್ವ ಕೂಗಿದಳು.

ಮಹೇಶ್ವರಿ ಲಂಗದ ಅಂಚಿನಿಂದ ಗಾಜು ಒರೆಸಿದಳು. ದಿಂಬನ್ನು ಇದ್ದಲ್ಲೇ ಇಟ್ಟು, ಕನ್ನಡಿಯನ್ನು ಅದರ ಕೆಳಗೆ ಹೇಗಿತ್ತೋ ಹಾಗೇ ಸರಿಸಿದಳು.

"ಇಲ್ಲಬೇ!"

ಹೊರಗೆ ಅಪ್ಪ ಅಂಗಾತ ಮಲಗಿ ಕಾಯುತ್ತಿದ್ದ. ಅಜ್ಜಿ ಮೊರ ಪಕ್ಕಕ್ಕಿಟ್ಟು ಎಣಿಸಲು ತಯಾರಾಗಿದ್ದಳು. ಮಹೇಶ್ವರಿ ಇವತ್ತು ಪಾದಗಳ ಮೇಲೆ ಕುಳಿತುಕೊಳ್ಳಲಿಲ್ಲ. ಎದುರಿಗೆ ಮಂಡಿ ಊರಿ, ಎರಡೂ ಪಾದಗಳನ್ನು ಕೈಯಲ್ಲೇ ಒತ್ತಿ ಹಿಡಿದಳು.

ಅಪ್ಪ ಹಲ್ಲು ಕಚ್ಚಿ ಎದ್ದ. ಕೆಂಪಾದ ಮುಖ ಅವಳ ಮುಖದ ಹತ್ತಿರಕ್ಕೆ ಬಂದು, ಹಿಂದಕ್ಕೆ ಹೋಯಿತು.

"ಲಾಭ," ಎಂದಳು ಅಜ್ಜಿ.

ಮಹೇಶ್ವರಿ ಬೆರಳುಗಳನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡು ಎರಡಕ್ಕೆ ಕಾದಳು.